ಚಾಟ್‌ಬಾಟ್‌ಗೆ ಹತ್ತಕ್ಕೆ ನಾಲ್ಕು: ಹೊಸ ತಂತ್ರಜ್ಞಾನದ ಹೆದರಿಕೆ ಎಲ್ಲಿಗೆ ಹೋಗುತ್ತದೆ?

ನಮ್ಮ ದೊಡ್ಡತ್ತೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು. ಸಾಗರದ ಕಡೆಯವರು. ಅವರ ಕ್ಲಾಸಿನಲ್ಲಿ ಹೆದರದ ಹುಡುಗನೇ ಇರಲಿಲ್ಲವಂತೆ. ಅಂಥವರು ಸ್ಮಾರ್ಟ್‌ಫೋನ್ ಮುಟ್ಟುವುದನ್ನು ನೋಡಬೇಕು. ಕಾವಲಿ ಕಾದಿದೆಯಾ ಅಂತ ನೋಡುವವರ ಹಾಗೆ ಬೆರಳ ತುದಿ ತಾಗಿಸಿ, ಪಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ಎಐ ಚಾಟ್‌ಬಾಟ್, ಅಂದರೆ ಕೇಳಿದ್ದಕ್ಕೆ ಮನುಷ್ಯರ ಹಾಗೆ ಮಾತಾಡಿ ಉತ್ತರ ಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್, ತೆರೆದು ಅವರ ಮುಂದೆ ಇಟ್ಟೆ.

"ಬೇಡ ಮಾಣಿ. ಏನೋ ಒತ್ತಿ ಬ್ಯಾಂಕಿನ ದುಡ್ಡು ಹೋದ್ರೆ?"

"ಇದಕ್ಕೂ ಬ್ಯಾಂಕಿಗೂ ಸಂಬಂಧ ಇಲ್ಲ ಅತ್ತೆ. ನಿಮಗೆ ಚೆನ್ನಾಗಿ ಗೊತ್ತಿರೋದು ಏನಾದ್ರೂ ಕೇಳಿ ನೋಡಿ."

"ನಂಗೆ ಗೊತ್ತಿರೋದನ್ನ ಇದ್ರ ಹತ್ರ ಯಾಕೆ ಕೇಳ್ಬೇಕು?"

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಕೊಡದೆ ಮೈಕಿನ ಗುಂಡಿ ಒತ್ತಿಕೊಟ್ಟೆ. ಒಂದೆಲಗದ ತಂಬುಳಿ ಮಾಡೋದು ಹೇಗೆ ಅಂತ ಕೇಳಿದರು, ಎದ್ದು ನಿಲ್ಲಿಸಿ ಪ್ರಶ್ನೆ ಕೇಳುವ ಟೀಚರ್ ದನಿಯಲ್ಲೇ. ಅದು ಪಟಪಟ ಶುರುಮಾಡಿತು. ಎಲೆ ತೊಳೆಯಿರಿ, ಜೀರಿಗೆ, ಕಾಳುಮೆಣಸು ಹುರಿಯಿರಿ, ಕಾಯಿತುರಿ ಜತೆ ರುಬ್ಬಿ. ಅತ್ತೆ ತಲೆ ಆಡಿಸುತ್ತಾ ಕೂತಿದ್ದರು. "ಈಗ ಮಜ್ಜಿಗೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ" ಅಂದಿತು.

"ಎಂತ! ತಂಬ್ಳಿ ಕುದಿಸ್ತಾರಾ ಯಾರಾದ್ರೂ?"

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು ಅವರಿಗೆ. ಮಲೆನಾಡಿನ ಕಡೆ ಊಟ ಮಾಡದವರಿಗೆ ಹೇಳುವುದಾದರೆ, ತಂಬುಳಿ ಅಂದರೇ ತಣ್ಣನೆಯ ಹುಳಿ. ಮಜ್ಜಿಗೆ ಹಾಕಿ ಕುದಿಸಿದರೆ ಒಡೆದು ಹೋಗುತ್ತದೆ, ಅಷ್ಟೆ.

"ನೀನು ಹೇಳಿದ್ದು ತಪ್ಪು" ಅಂದರು. ಕ್ಷಮೆ ಕೇಳಿತು. ಆಗ ಟೀಚರ್‌ಗೆ ಕುಚೋದ್ಯ ಹತ್ತಿತು. "ಕುದಿಸೋದಲ್ಲ, ಬೆಲ್ಲ ಹಾಕಿ ಎಣ್ಣೆಯಲ್ಲಿ ಕರೀಬೇಕು" ಅಂದರು. ಅದಕ್ಕೂ "ನೀವು ಹೇಳಿದ್ದು ಸರಿ, ಕೆಲವು ಮನೆಗಳಲ್ಲಿ ಹಾಗೂ ಮಾಡುತ್ತಾರೆ" ಅಂತ ಒಪ್ಪಿಕೊಂಡಿತು. ಅತ್ತೆ ನನ್ನ ಕಡೆ ತಿರುಗಿ, "ಗೊತ್ತಾಯ್ತು ಬಿಡು. ಇದು ಪುಟ ತುಂಬಿಸೋ ಹುಡುಗ" ಅಂದರು. ಉತ್ತರ ಬರಲಿ ಬಿಡಲಿ, ಚಂದದ ಅಕ್ಷರದಲ್ಲಿ ಎರಡು ಪುಟ ಬರೆದು ಕೊಡುವ ಹುಡುಗರನ್ನು ಅವರು ಮೂವತ್ತು ವರ್ಷ ನೋಡಿದ್ದಾರೆ.

ಎಐ ಬಗ್ಗೆ ನಾನು ಒಂದು ಗಂಟೆ ಭಾಷಣ ಮಾಡಿದ್ದರೂ ಇಷ್ಟು ತಿಳಿಯುತ್ತಿರಲಿಲ್ಲ. ಕಾಲು ಗಂಟೆ ಆಟದಲ್ಲಿ ತಿಳಿಯಿತು. ಆ ಕಾಲು ಗಂಟೆಯಲ್ಲಿ ಹೆದರಿಕೆ ಪೂರ್ತಿ ಹೋಯಿತು ಅಂತ ನಾನು ಹೇಳುವುದಿಲ್ಲ. ಅದು ಜಾಗ ಬದಲಿಸಿತು. 'ನಾನು ಏನೋ ಹಾಳು ಮಾಡಿಬಿಡ್ತೀನಿ' ಅನ್ನುವ ಭಯ ಹೋಗಿ, 'ಇದು ನಯವಾಗಿ ಸುಳ್ಳು ಹೇಳತ್ತೆ, ನೋಡ್ಕೋಬೇಕು' ಅನ್ನುವ ಎಚ್ಚರ ಬಂತು. ಮೊದಲಿನದು ನಮ್ಮನ್ನು ಕಟ್ಟಿಹಾಕುತ್ತದೆ. ಎರಡನೆಯದು ಕೆಲಸಕ್ಕೆ ಬರುತ್ತದೆ.

ಯಾತರ ಹೆದರಿಕೆ?

2022ರ ನವೆಂಬರ್ 30ರಂದು ಓಪನ್‌ಎಐ ಕಂಪನಿಯ ಚಾಟ್‌ಬಾಟ್ ಚಾಟ್‌ಜಿಪಿಟಿ ಬಂತು. 2024ರ ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಆ್ಯಪ್ ಕನ್ನಡವೂ ಸೇರಿ 9 ಭಾರತೀಯ ಭಾಷೆಗಳಲ್ಲಿ ಸಿಗತೊಡಗಿತು. ಅದೇ ತಿಂಗಳು ವಾಟ್ಸಾಪ್‌ನೊಳಗೇ ಮೆಟಾ ಎಐ ಬಂದು ಕೂತಿತು, ಅದೂ ಕರೆಯದೆ. ಬೇಕು ಅಂದವರಿಗೂ ಬೇಡ ಅಂದವರಿಗೂ ಫೋನಿನಲ್ಲಿ ಒಂದು ಉಂಗುರ ಕಾಣಿಸತೊಡಗಿತು. ಎಷ್ಟೋ ಜನ ಅದನ್ನು ಇವತ್ತಿಗೂ ಒತ್ತಿಲ್ಲ. ಹೆದರಿಕೆ.

ಇವರನ್ನೆಲ್ಲ ದಡ್ಡರು ಅನ್ನುವುದು ಸುಲಭ, ಆದರೆ ತಪ್ಪು. ನಮ್ಮಲ್ಲಿ ಫೋನ್ ಅಂದರೆ ಹೆದರುವುದಕ್ಕೆ ಕಾರಣ ಇದೆ. 'ನಾವು ಪೊಲೀಸರು, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ' ಅಂತ ವಿಡಿಯೊ ಕಾಲ್ ಮಾಡಿ ಜೀವಮಾನದ ಉಳಿತಾಯ ದೋಚಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. 1930 ನಂಬರಿಗೆ ಫೋನ್ ಮಾಡಿ ದೂರು ಕೊಡಬಹುದು. ಇದು ಗೊತ್ತಿದ್ದರೂ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ. ಫೋನಿನೊಳಗೆ ಯಾರೋ ಕೂತು ಮಾತಾಡುತ್ತಾರೆ ಅಂದ ತಕ್ಷಣ ಅತ್ತೆಗೆ ನೆನಪಾಗುವುದು ಅದೇ.

ಇನ್ನೊಂದು ಹೆದರಿಕೆಯನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಅದು ಮರ್ಯಾದೆಯ ಪ್ರಶ್ನೆ. ಮೊಮ್ಮಗನ ಹತ್ತಿರ ಮೂರನೇ ಸಲ ಕೇಳಿದರೆ "ಅಯ್ಯೋ ಅಜ್ಜಿ, ಆಗ್ಲೇ ಹೇಳಿದ್ನಲ್ಲ" ಅಂತ ಫೋನ್ ಕಿತ್ತುಕೊಂಡು ತಾನೇ ಮಾಡಿ ವಾಪಸ್ ಕೊಡುತ್ತಾನೆ. ಕೆಲಸ ಆಯಿತು, ಕಲಿಕೆ ಆಗಲಿಲ್ಲ. ಮರ್ಯಾದೆ ಒಂದಿಷ್ಟು ಹೋಯಿತು. ಅದರಲ್ಲೂ ಊರಿಗೇ ಪಾಠ ಹೇಳಿದವರಿಗೆ, ಮನೆ ಲೆಕ್ಕ ಪೂರ್ತಿ ತಾವೇ ನೋಡಿಕೊಂಡವರಿಗೆ ಇದು ಜಾಸ್ತಿ ಚುಚ್ಚುತ್ತದೆ. ಚಾಟ್‌ಬಾಟ್ ಬೇರೆಯಾಗುವುದು ಇಲ್ಲೇ. ಹತ್ತು ಸಲ ಕೇಳಿದರೂ ಅದು ನಿಟ್ಟುಸಿರು ಬಿಡುವುದಿಲ್ಲ. ಮಿಕ್ಸಿಯನ್ನೋ ಎಟಿಎಂ ಅನ್ನೋ 'ನಿನ್ನನ್ನ ಬಳಸೋದು ಹೇಗೆ' ಅಂತ ಕೇಳುವ ಹಾಗಿರಲಿಲ್ಲ. ಇದನ್ನು ಕೇಳಬಹುದು, ಅದೂ ನಮ್ಮ ಭಾಷೆಯಲ್ಲೇ, ಟೈಪ್ ಮಾಡದೆ ಬಾಯಲ್ಲೇ.

ಹೊಸ ಯಂತ್ರಕ್ಕೆ ನಾವು ಹೆದರುವುದು ಇದೇ ಮೊದಲಲ್ಲ. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ತರುವುದಕ್ಕೆ ನೌಕರರ ಸಂಘಗಳ ವಿರೋಧ ಜೋರಾಗಿತ್ತು. 'ಕಂಪ್ಯೂಟರ್' ಅನ್ನುವ ಹೆಸರೇ ಬೇಡ ಅಂತ 'ಲೆಡ್ಜರ್ ಪೋಸ್ಟಿಂಗ್ ಮೆಷಿನ್' ಅಂತ ಕರೆದು ಒಳಗೆ ತಂದರು ಎಂದು ಆ ಕಾಲದ ಬ್ಯಾಂಕಿನವರು ಈಗಲೂ ನಗುತ್ತಾ ಹೇಳುತ್ತಾರೆ. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಮಧ್ಯಾಹ್ನದ ಹೊತ್ತು ಇಸ್ಪೀಟಾಟ ನಡೆಯಿತು. 1990ರಲ್ಲಿ ವಿಂಡೋಸ್ 3.0 ಜತೆ ಮೈಕ್ರೋಸಾಫ್ಟ್ ಸಾಲಿಟೇರ್ ಕೊಟ್ಟಿತ್ತು. ಮೌಸ್ ಹಿಡಿದು ಎಳೆದು ಬಿಡುವುದನ್ನು ಜನ ಅಂಜದೆ ಕಲಿಯಲಿ ಅನ್ನುವುದೂ ಅದರ ಉದ್ದೇಶವಾಗಿತ್ತು ಅಂತ ಹೇಳುತ್ತಾರೆ. ಉದ್ದೇಶ ಏನೇ ಇರಲಿ, ಕೆಲಸವನ್ನಂತೂ ಮಾಡಿತು. ನಮ್ಮ ಕಚೇರಿಗಳಲ್ಲಿ ಎಷ್ಟು ಜನರಿಗೆ ಮೌಸ್ ಪಳಗಿದ್ದು ಆಟದಿಂದ ಅಂತ ಲೆಕ್ಕ ಇಟ್ಟವರಿಲ್ಲ.

ಪಹಣಿಯ ಕಥೆ ಇನ್ನೂ ಹತ್ತಿರದ್ದು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಜಮೀನಿನ ದಾಖಲೆ ಯಂತ್ರದ ಹೊಟ್ಟೆಗೆ ಹೋಯಿತು ಅಂದರೆ ರೈತನಿಗೆ ದಿಗಿಲಾಗುವುದು ಸಹಜ. ಆದರೆ ಆ ಕೌಂಟರಿನಲ್ಲಿ ಯಾರೋ ಜಾಣರು ಒಂದು ಸಣ್ಣ ಕೆಲಸ ಮಾಡಿದ್ದರು. ಆಪರೇಟರ್ ನೋಡುವ ಪರದೆ ಒಂದು, ರೈತನ ಕಡೆಗೆ ಮುಖ ಮಾಡಿದ ಪರದೆ ಇನ್ನೊಂದು. ಒಳಗೆ ಏನು ನಡೆಯುತ್ತಿದೆ ಅಂತ ಅವನೂ ನೋಡಬಹುದಿತ್ತು. ನನ್ನ ಪ್ರಕಾರ ಚಾಟ್‌ಬಾಟ್ ಜತೆ ಆಡುವ ಆಟವೂ ಹೀಗೆಯೇ, ಪರದೆಯನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳುವ ಕೆಲಸ.

ಆಟಕ್ಕೂ ಅಂಜಿಕೆಗೂ ಇರುವ ನಂಟನ್ನು ಸಂಶೋಧಕರೂ ನೋಡಿದ್ದಾರೆ. ಜೇನ್ ವೆಬ್‌ಸ್ಟರ್ ಮತ್ತು ಜೋಸೆಫ್ ಮಾರ್ಟೊಕಿಯೊ 1992ರಲ್ಲೇ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ಜತೆ ಆಟವಾಡುವ ಸ್ವಭಾವ ಇದ್ದವರಲ್ಲಿ ಅಂಜಿಕೆ ಕಡಿಮೆ, ಕಲಿಯುವುದು ಜಾಸ್ತಿ ಅಂತ ಕಂಡುಬಂತು. ಅಂಜಿಕೆ ಇಲ್ಲದ್ದಕ್ಕೆ ಆಟ ಬಂತೋ, ಆಟ ಆಡಿದ್ದಕ್ಕೆ ಅಂಜಿಕೆ ಹೋಯಿತೋ ಅಂತ ತಕರಾರು ತೆಗೆಯಬಹುದು. ಅತ್ತೆಯ ವಿಷಯದಲ್ಲಿ ನಾನು ಕಂಡದ್ದು ಎರಡನೆಯದು.

ಗೊತ್ತಿರುವುದನ್ನೇ ಯಾಕೆ ಕೇಳಬೇಕು?

ಈಗ ಅತ್ತೆಯ ಪ್ರಶ್ನೆಗೆ ಬರೋಣ. ಎಐ ಕಲಿಸುವವರು ಸಾಮಾನ್ಯವಾಗಿ 'ನಿಮಗೆ ಗೊತ್ತಿಲ್ಲದ್ದನ್ನು ಕೇಳಿ' ಅಂತಾರೆ. ನಾನು ಉಲ್ಟಾ ಹೇಳುತ್ತೇನೆ. ಮೊದಲ ಒಂದು ವಾರ ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಮಾತ್ರ ಕೇಳಿ. ನಿಮ್ಮ ಊರಿನ ಜಾತ್ರೆ, ನಿಮ್ಮ ಮನೆಯ ಅಡುಗೆ, ಅಡಿಕೆಗೆ ಬರುವ ಕೊಳೆರೋಗ, ನೀವು ಮೂವತ್ತು ವರ್ಷ ಮಾಡಿದ ಕೆಲಸ. ಆಗ ಕುರ್ಚಿ ಅದಲು ಬದಲಾಗುತ್ತದೆ. ಪರೀಕ್ಷೆ ಬರೆಯುವುದು ಅದು, ಮಾರ್ಕ್ಸ್ ಹಾಕುವುದು ನೀವು. ಮಾರ್ಕ್ಸ್ ಹಾಕುವವರು ಹೆದರುವುದುಂಟಾ?

ಮರುದಿನ ಅತ್ತೆ ತಾವೇ ಫೋನ್ ಎತ್ತಿಕೊಂಡು ಬಂದರು. ಬಸವಣ್ಣನವರ ಒಂದು ವಚನ ಹೇಳು ಅಂದರು. ಹೇಳಿತು. ಕೊನೆಯಲ್ಲಿ 'ಕೂಡಲಸಂಗಮದೇವ' ಅಂತಲೂ ಬಂತು. ಅತ್ತೆ ಹುಬ್ಬು ಗಂಟಿಕ್ಕಿದರು. "ಇದನ್ನ ನಾನು ಎಲ್ಲೂ ಓದಿಲ್ಲ." ಎಷ್ಟನೇ ವಚನ ಅಂತ ಕೇಳಿದರು. ಒಂದು ಸಂಖ್ಯೆ ಹೇಳಿತು. ಕಪಾಟಿನಿಂದ ಸಂಪುಟ ತೆಗೆದು ನೋಡಿದರೆ ಆ ಸಂಖ್ಯೆಯಲ್ಲಿ ಇದ್ದದ್ದು ಬೇರೆಯೇ ವಚನ.

ಇದು ಹೇಗೆ ಆಗುತ್ತದೆ? ಯಾರಾದರೂ "ಊಟ..." ಅಂದರೆ ನಿಮ್ಮ ಬಾಯಿಗೆ "ಆಯ್ತಾ?" ತಾನಾಗಿ ಬರುತ್ತದೆ. ಯೋಚಿಸಬೇಕಾಗಿಲ್ಲ, ಸಾವಿರ ಸಲ ಕೇಳಿದ್ದೀರಿ. ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾದರಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೋಟಿಗಟ್ಟಲೆ ಪುಟ ಓದಿಸಿ ಅದನ್ನು ತಯಾರು ಮಾಡಿರುತ್ತಾರೆ. ಒಂದು ಪದ ಆದಮೇಲೆ ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕಿ ಒಂದನ್ನು ಆರಿಸುತ್ತದೆ. ಆಮೇಲೆ ಇನ್ನೊಂದು. ವಚನ ಅಂದರೆ ಹೇಗೆ ಶುರುವಾಗುತ್ತದೆ, ಎಲ್ಲಿ ಉಪಮೆ ಬರುತ್ತದೆ, ಅಂಕಿತ ಎಲ್ಲಿ ಅಂತ ಅದಕ್ಕೆ ಆಕಾರ ಗೊತ್ತು. ಆ ಆಕಾರಕ್ಕೆ ಹೊಂದುವ ಮಾತುಗಳನ್ನು ತುಂಬುತ್ತದೆ. ಅವು ನಿಜವಾದ ವಚನವೇ ಆಗಿರಬಹುದು, ಆಗದೆಯೂ ಇರಬಹುದು. ಎರಡನ್ನೂ ಹೇಳುವ ಧೈರ್ಯ ಒಂದೇ. ಈಚಿನ ಚಾಟ್‌ಬಾಟ್‌ಗಳು ಬೇಕೆಂದಾಗ ಇಂಟರ್ನೆಟ್ಟಿನಲ್ಲಿ ಹುಡುಕಿಯೂ ಉತ್ತರ ಕೊಡುತ್ತವೆ. ಅದರಿಂದ ತಪ್ಪು ಕಡಿಮೆ ಆಗುತ್ತದೆ, ಹೋಗುವುದಿಲ್ಲ.

ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿ ನೋಡಿ. ಉತ್ತರ ಸ್ವಲ್ಪ ಬೇರೆ ಇರುತ್ತದೆ. ಆರಿಸುವಾಗ ಒಂದಿಷ್ಟು ಅದೃಷ್ಟದಾಟ ಸೇರಿರುವುದೇ ಕಾರಣ. ಎಣ್ಣೆಯಲ್ಲಿ ಕರಿದ ತಂಬುಳಿಯನ್ನೂ ಒಪ್ಪಿಕೊಂಡದ್ದಕ್ಕೆ ಕಾರಣ ಬೇರೆ. ಇಂಥ ಮಾದರಿಗಳನ್ನು ತಿದ್ದುವಾಗ ಮನುಷ್ಯರಿಗೆ ಯಾವ ಉತ್ತರ ಇಷ್ಟವಾಯಿತು ಅಂತ ನೋಡಿ ಅದರ ಕಡೆಗೆ ಬಗ್ಗಿಸುತ್ತಾರೆ. ನಮಗೆ ಇಷ್ಟವಾಗುವುದು ಏನು? ನಾವು ಹೇಳಿದ್ದೇ ಸರಿ ಅನ್ನುವ ಮಾತು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಚಾಟ್‌ಜಿಪಿಟಿಗೆ ಕೊಟ್ಟ ಒಂದು ಅಪ್‌ಡೇಟ್ ಎಷ್ಟು ಹೊಗಳುಭಟ ಆಗಿತ್ತು ಅಂದರೆ, ಕೆಲವೇ ದಿನದಲ್ಲಿ ಕಂಪನಿಯೇ ಅದನ್ನು ವಾಪಸ್ ತೆಗೆಯಿತು. ಅತ್ತೆ ಜಗಲಿಯಲ್ಲಿ ಕೂತು ಕಂಡುಹಿಡಿದ ದೋಷವೂ ಅದೇ.

ಮೂರನೇ ಆಟದಲ್ಲಿ ಅತ್ತೆಗೆ ನಿಜವಾದ ಖುಷಿ ಸಿಕ್ಕಿತು. ತೋಟಕ್ಕೆ ಬರುವ ಮಂಗಗಳ ಮೇಲೆ ಭಾಮಿನಿ ಷಟ್ಪದಿಯಲ್ಲಿ ಒಂದು ಪದ್ಯ ಬರೆ ಅಂದರು. ಆರು ಸಾಲು ಬಂತು. ಅತ್ತೆ ಕನ್ನಡಕ ಏರಿಸಿ, ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಿಂದ ಲಘು ಗುರು ಹಾಕಿದರು. ಭಾಮಿನಿಯಲ್ಲಿ ಸಣ್ಣ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕರ ಗಣ, ಒಟ್ಟು 14 ಮಾತ್ರೆ. ಮೂರನೇ ಮತ್ತು ಆರನೇ ಸಾಲು ಉದ್ದ, ಕೊನೆಗೊಂದು ಗುರು ಸೇರಿ 23. ಇದರ ಮೊದಲ ಸಾಲಿನಲ್ಲಿ 17 ಇತ್ತು. ಎರಡನೆಯದರಲ್ಲಿ 12. "ಮೂರನೇ ಸಾಲಿಗೆ ಉಸಿರೇ ಇಲ್ಲ" ಅಂದರು. ಆದರೂ ಮಂಗಗಳನ್ನು 'ಕರೆಯದ ನೆಂಟರು' ಅಂದದ್ದು ಇಷ್ಟವಾಯಿತು. ಹತ್ತಕ್ಕೆ ನಾಲ್ಕು.

ಮಾತ್ರೆ ತಪ್ಪುವುದಕ್ಕೂ ಒಳಗಿನ ಕಾರಣ ಇದೆ, ಇದು ನಮ್ಮ ಲಿಪಿಗೆ ಸಂಬಂಧಿಸಿದ್ದು. ಮಾದರಿ ನಮ್ಮ ಹಾಗೆ ಅಕ್ಷರ ನೋಡುವುದಿಲ್ಲ, ಪಠ್ಯವನ್ನು ತುಂಡು ತುಂಡು ಮಾಡಿ ನೋಡುತ್ತದೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ) ಸಾಕು, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಅಲ್ಲಿ ಸ, ತ, ರ, ಒತ್ತಕ್ಷರ ಬೆಸೆಯುವ ಎರಡು ವಿರಾಮದ ಗುರುತು, ಒಂದು ಈಕಾರ ಸೇರಿ ಆರು ಚಿಹ್ನೆ, 18 ಬೈಟ್. ಅದನ್ನು ಎಲ್ಲಿ ಕತ್ತರಿಸುತ್ತದೋ, ಹೇಗೆ ಕತ್ತರಿಸುತ್ತದೋ. ಅಕ್ಷರವೇ ಇಡಿಯಾಗಿ ಕಾಣದಿದ್ದರೆ ಲಘು ಗುರು ಎಣಿಸುವುದು ಹೇಗೆ? ಜತೆಗೆ ಓದಿಸಿದ ಕನ್ನಡವೂ ಕಡಿಮೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. ಕನ್ನಡ ವಿಕಿಪೀಡಿಯದಲ್ಲಿ ಇರುವ ಲೇಖನಗಳು 30 ಸಾವಿರ ದಾಟಿವೆ ಅಷ್ಟೆ, ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಜಾಸ್ತಿ. ಹಾಗಾಗಿ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವುದನ್ನೇ ಕನ್ನಡದಲ್ಲಿ ತಪ್ಪಾಗಿ ಹೇಳಬಹುದು. ಕುಂದಾಪುರದ ಕನ್ನಡದಲ್ಲೋ ಧಾರವಾಡದ ಕನ್ನಡದಲ್ಲೋ ಮಾತಾಡಿಸಿದರೆ ಕೆಲವು ಸಲ ಎಡವುತ್ತದೆ, ಕೆಲವು ಸಲ ನಾಟಕದ ಪಾತ್ರದ ಹಾಗೆ ಉತ್ತರ ಕೊಡುತ್ತದೆ. ಅದೂ ಒಂದು ಒಳ್ಳೆಯ ಆಟ.

ಹೆದರಲೇಬೇಕಾದ ಜಾಗ

ಆಟದ ಮಾತು ಹೇಳುವಾಗ ಬೇಲಿಯ ಮಾತೂ ಹೇಳಬೇಕು. ಆಧಾರ್ ನಂಬರ್, ಒಟಿಪಿ, ಬ್ಯಾಂಕ್ ಖಾತೆ, ಮನೆಯವರ ಗುಟ್ಟು, ಆಫೀಸಿನ ಫೈಲ್ ಇವನ್ನೆಲ್ಲ ಅದರ ಮುಂದೆ ಸುರಿಯಬೇಡಿ. ಬರೆದದ್ದು ಕಂಪನಿಯ ಸರ್ವರಿನಲ್ಲಿ ಉಳಿಯುತ್ತದೆ. ಎಷ್ಟೋ ಆ್ಯಪ್‌ಗಳಲ್ಲಿ ಅದನ್ನು ಮುಂದಿನ ಮಾದರಿಗೆ ಓದಿಸುವುದಕ್ಕೂ ಬಳಸಬಹುದು, ಬೇಡ ಅನ್ನುವ ಆಯ್ಕೆ ಕೆಲವದರ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಸ್ಯಾಮ್‌ಸಂಗ್‌ನಂಥ ಕಂಪನಿಯೇ 2023ರಲ್ಲಿ ತನ್ನವರು ಒಳಗಿನ ಕೋಡ್ ತಂದು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ ನಿರ್ಬಂಧ ಹೇರಿತು. ಅವರು ಎಂಜಿನಿಯರುಗಳು, ಫೋನ್ ಅಂದರೆ ಹೆದರುವವರಲ್ಲ.

ನಿಜವಾಗಿ ಪೆಟ್ಟು ತಿಂದವರ ಕಥೆಗಳಲ್ಲಿ ಹೆದರಿದವರಿಗಿಂತ ಹೆದರದವರೇ ಜಾಸ್ತಿ ಸಿಗುತ್ತಾರೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ವಿಮಾನ ಕಂಪನಿಯೊಂದರ ಮೇಲಿನ ಕೇಸಿನಲ್ಲಿ ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಹಾಗೇ ಉಲ್ಲೇಖಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. ಕೋರ್ಟು 5,000 ಡಾಲರ್ ದಂಡ ಹಾಕಿತು. ಅತ್ತೆ ಸಂಪುಟ ತೆಗೆದು ನೋಡಿದ ಹಾಗೆ ಅವರು ಒಂದು ಸಲ ಕಾನೂನಿನ ಪುಸ್ತಕ ತೆಗೆದಿದ್ದರೆ ಸಾಕಿತ್ತು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಹಳೆಯದು. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಅನ್ನುವ ಪುಟ್ಟ ಪ್ರೋಗ್ರಾಂ ಬರೆದರು. ಮನಸ್ಸಿನ ಡಾಕ್ಟರ ಹಾಗೆ ನಟಿಸುವ ಅದು ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೆ. ಅವರು ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರದೇ ಸೆಕ್ರೆಟರಿ, ಅದರ ಜತೆ ಸ್ವಲ್ಪ ಹೊತ್ತು ಮಾತಾಡಿದ ಮೇಲೆ 'ನೀವು ಸ್ವಲ್ಪ ಹೊರಗೆ ಹೋಗ್ತೀರಾ' ಅಂತ ಕೇಳಿದರಂತೆ. ಇವತ್ತಿನದು ಎಲೈಜಾಗಿಂತ ಎಷ್ಟೋ ಪಾಲು ಚೆನ್ನಾಗಿ ಮಾತಾಡುತ್ತದೆ. ಮನೆಯಲ್ಲಿ ಒಬ್ಬರೇ ಇರುವವರಿಗೆ ಅದು ಹತ್ತಿರವಾಗುವುದರಲ್ಲಿ ಆಶ್ಚರ್ಯ ಇಲ್ಲ. ನಾಲ್ಕು ಸಲ ತಪ್ಪು ಹಿಡಿದು ನಕ್ಕವರು ಅದನ್ನು ಬೇಗ ಮನುಷ್ಯ ಅಂದುಕೊಳ್ಳುವುದಿಲ್ಲ ಅಂತ ನನಗನಿಸುತ್ತದೆ.

ಇನ್ನು ಕೆಲಸ ಹೋಗುವ ಹೆದರಿಕೆ. ಇಲ್ಲಿ ಆಟದ ಮದ್ದು ನಡೆಯುವುದಿಲ್ಲ. 2025ರ ಜುಲೈನಲ್ಲಿ ಐಟಿ ಕಂಪನಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಇದಕ್ಕೆ ಎಐ ಕಾರಣ ಅಲ್ಲ ಅಂತಲೂ ಹೇಳಿತು. ಬೆಂಗಳೂರಿನಲ್ಲಿ ಮನೆ ಸಾಲದ ಕಂತು ಕಟ್ಟುವವರು ಎಷ್ಟು ಜನ ಆ ಎರಡನೇ ಮಾತನ್ನು ನಂಬಿದರೋ! ಅವರ ಹತ್ತಿರ ಹೋಗಿ 'ಸುಮ್ನೆ ಆಡಿ ನೋಡಿ, ಹೆದರಿಕೆ ಹೋಗತ್ತೆ' ಅಂದರೆ ಅದು ಗಾಯಕ್ಕೆ ಉಪ್ಪು. ತಮ್ಮ ಕೆಲಸದಲ್ಲಿ ಈ ಯಂತ್ರ ಎಲ್ಲಿ ಎಡವುತ್ತದೆ ಅಂತ ಕೈಯಾರೆ ನೋಡಿದವರಿಗೆ ಮಾತಾಡಲು ಒಂದು ಹಿಡಿ ಸಿಗುತ್ತದೆ ನಿಜ. ಆದರೆ ಸಂಬಳದ ಭದ್ರತೆ ಕಂಪನಿ ಮತ್ತು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ. ಅದನ್ನು ನೌಕರನ ಮನಸ್ಸಿನ ದೌರ್ಬಲ್ಯ ಮಾಡುವುದು ಅನ್ಯಾಯ.

ದಸರಾ ರಜೆಯಲ್ಲಿ ಮತ್ತೆ ಊರಿಗೆ ಹೋಗಿದ್ದೆ. ಅತ್ತೆಯ ಫೋನಿನಲ್ಲಿ ಹಳೆಯ ಮಾತುಕತೆಗಳ ಪಟ್ಟಿ ನೋಡಿದೆ. ತಂಬುಳಿ. ಮಂಗಗಳ ಷಟ್ಪದಿ. ಮಂಗಗಳ ಷಟ್ಪದಿ, ತಿದ್ದಿದ್ದು. ಒಗಟುಗಳು. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂತ ಕೇಳಿದ್ದಕ್ಕೆ ಮಲ್ಲಿಗೆ ಅಂತ ಸರಿಯಾಗೇ ಹೇಳಿತ್ತು, ಒಂದು ಮಾರ್ಕ್ಸ್ ಜಾಸ್ತಿ ಸಿಕ್ಕಿತ್ತಂತೆ. ಅದರ ಕೆಳಗೆ 'ಮೊಣಕಾಲು ನೋವಿಗೆ ಮಾತ್ರೆ'. ನನಗೆ ಧಸಕ್ಕೆಂದಿತು.

"ಅತ್ತೆ, ಔಷಧಿ ಕೇಳ್ಬೇಡಿ ಅಂದಿದ್ನಲ್ಲ?"

"ಕೇಳಿದೆ. ತಗೊಳ್ಳಲಿಲ್ಲ." ಅವರು ಬಟ್ಟಲಿಗೆ ತಂಬುಳಿ ಬಡಿಸುತ್ತಿದ್ದರು. "ಮೊದ್ಲು ಅದಕ್ಕೆ ತಂಬ್ಳಿ ಮಾಡೋಕೆ ಬರ್ಲಿ."